ಬೇಸ್‌ಮೆಂಟ್ ಫಾರ್ಮಸಿ ಮತ್ತು ನನ್ನ ರೆಸಿಡೆನ್ಸಿ ವರ್ಷ

ಫಾರ್ಮಸಿಸ್ಟ್‌ಗಳಿಗೂ ರೆಸಿಡೆನ್ಸಿ ಅಂತ ಒಂದಿದೆಯಾ ಎಂದು ಕೇಳದವರು ನನಗೆ ಸಿಕ್ಕಿದ್ದು ಕಡಿಮೆ. ಓದು ಮುಗಿಸಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಡಾಕ್ಟರುಗಳ ರೆಸಿಡೆನ್ಸಿ ಎಲ್ಲರಿಗೂ ಗೊತ್ತು. ಮಾತ್ರೆ ಎಣಿಸಿ ಕೊಡುವವರಿಗೆ ಇನ್ನೇನು ತರಬೇತಿ ಎಂದು ಮುಖಕ್ಕೇ ಕೇಳಿದವರೂ ಇದ್ದಾರೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಆ ಒಂದು ವರ್ಷವನ್ನು ಮುಗಿಸಿ ಬಂದ ಮೇಲೆ ಇದನ್ನು ಬರೆಯೋಣ ಅನ್ನಿಸಿದ್ದಕ್ಕೆ ಅವರೂ ಕಾರಣ. ಫಾರ್ಮ್-ಡಿ ಎಂಬ ಫಾರ್ಮಸಿ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಇನ್ನೊಂದು ಕಾರಣ. ಈ ದಾರಿಯ ಬಗ್ಗೆ ವಿಚಾರಿಸುವಾಗ ಅವರೆಲ್ಲ ರೌಂಡ್ಸ್ ಬಗ್ಗೆಯೇ ಕೇಳುತ್ತಾರೆ. ಐಸಿಯುನಲ್ಲಿ ಡಾಕ್ಟರುಗಳ ಜೊತೆ ನಿಂತು ಮಾತಾಡುವುದು, ಬಿಳಿ ಕೋಟು, ಕೇಸ್ ಚರ್ಚೆ, ಇವೇ ಅವರ ಕಣ್ಣ ಮುಂದಿರುವುದು. ಅದೆಲ್ಲ ನಿಜವೇ. ಆದರೆ ನನ್ನನ್ನು ಫಾರ್ಮಸಿಸ್ಟ್ ಮಾಡಿದ್ದು ಮೇಲಿನ ಮಹಡಿಗಳಿಗಿಂತ ಹೆಚ್ಚಾಗಿ ಕಿಟಕಿಯಿಲ್ಲದ ಬೇಸ್‌ಮೆಂಟ್. ಅದನ್ನು ಸಾವಕಾಶವಾಗಿ ಹೇಳುತ್ತೇನೆ.

ಈ ತರಬೇತಿ ಹೊಸದೇನಲ್ಲ. 1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವಿ ವಿಟ್ನಿ ಎಂಬ ಫಾರ್ಮಸಿಸ್ಟ್ ಪದವೀಧರರನ್ನು ಇಟ್ಟುಕೊಂಡು ಆಸ್ಪತ್ರೆ ಫಾರ್ಮಸಿಯನ್ನು ಕಲಿಸತೊಡಗಿದರು. ಅಲ್ಲಿಂದ ಬೆಳೆದ ಪದ್ಧತಿಗೆ 1960ರ ದಶಕದಲ್ಲಿ ಅಮೆರಿಕದ ಆಸ್ಪತ್ರೆ ಫಾರ್ಮಸಿಸ್ಟ್‌ಗಳ ಎಎಸ್‌ಎಚ್‌ಪಿ ಸಂಸ್ಥೆ ಮಾನ್ಯತೆ ಕೊಡಲು ಶುರು ಮಾಡಿತು. ಈಗ ಅದು ಎರಡು ಹಂತ. ಪಿಜಿವೈ-1 ಒಂದು ವರ್ಷ, ಎಲ್ಲ ವಿಭಾಗಗಳಲ್ಲೂ ಓಡಾಟ. ಬೇಕಾದವರು ಪಿಜಿವೈ-2 ಸೇರಿ ಇನ್ನೊಂದು ವರ್ಷ ಕ್ಯಾನ್ಸರ್, ಐಸಿಯು, ಸೋಂಕು ರೋಗ, ಮಕ್ಕಳ ವಿಭಾಗ ಹೀಗೆ ಯಾವುದಾದರೂ ಒಂದರಲ್ಲಿ ಆಳಕ್ಕಿಳಿಯಬಹುದು. ಕೌಂಟರ್ ಫಾರ್ಮಸಿಯಲ್ಲಿ ಕೆಲಸ ಮಾಡಲು ಇದ್ಯಾವುದೂ ಬೇಡ. ದೊಡ್ಡ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಹುದ್ದೆ ಬೇಕೆಂದರೆ ಮಾತ್ರ ಈಗೀಗ ಇದಿಲ್ಲದೆ ಕಷ್ಟ.

ಹೊರದೇಶದಲ್ಲಿ ಓದಿದವರ ಪಾಡು ಸ್ವಲ್ಪ ಬೇರೆ. ಅಮೆರಿಕದಲ್ಲೇ ಮಾನ್ಯತೆ ಪಡೆದ ಕಾಲೇಜಿನ ಪದವಿ ಇರಬೇಕು, ಇಲ್ಲವೇ ಎಫ್‌ಪಿಜಿಇಸಿ ಎಂಬ, ಹೊರದೇಶದ ಓದನ್ನು ಒಪ್ಪುವ ಪ್ರಮಾಣಪತ್ರ ಇರಬೇಕು. ಅದಕ್ಕೆ ಎಫ್‌ಪಿಜಿಇಇ ಎಂಬ ಪರೀಕ್ಷೆಯನ್ನೂ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನೂ ಪಾಸು ಮಾಡಬೇಕು. 2003ರ ನಂತರ ಪದವಿ ಪಡೆದವರಿಗೆ ಕನಿಷ್ಠ 5 ವರ್ಷದ ಫಾರ್ಮಸಿ ಓದು ಕಡ್ಡಾಯ. ಹಾಗಾಗಿ ಭಾರತದ 4 ವರ್ಷದ ಬಿ-ಫಾರ್ಮ್ ಒಂದೇ ಸಾಲುವುದಿಲ್ಲ. 6 ವರ್ಷದ ಫಾರ್ಮ್-ಡಿ ಇದ್ದವರಿಗೆ ಬಾಗಿಲು ತೆರೆದಿದೆ. ಮುಂದೆ ಇಂಟರ್ನ್‌ಶಿಪ್ ಗಂಟೆಗಳು, ಅದಕ್ಕೆ ರಾಜ್ಯಕ್ಕೊಂದು ಲೆಕ್ಕ. ಆಮೇಲೆ ನ್ಯಾಪ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ. ನನಗೆ ಕೆಲಸದ ಪರವಾನಗಿ ಮೊದಲೇ ಇದ್ದದ್ದು ದೊಡ್ಡ ಅನುಕೂಲವಾಯಿತು. ರೆಸಿಡೆಂಟ್‌ಗಳಿಗೆ ವೀಸಾ ಮಾಡಿಸಿಕೊಡಲು ಬಹಳಷ್ಟು ಆಸ್ಪತ್ರೆಗಳು ಸಿದ್ಧವಿರುವುದಿಲ್ಲ, ಅರ್ಜಿ ಹಾಕುವ ಮೊದಲೇ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆಯ್ಕೆ ನಡೆಯುವುದು ಮ್ಯಾಚ್ ಎಂಬ ವ್ಯವಸ್ಥೆಯಲ್ಲಿ. ಡಿಸೆಂಬರ್‌ನಲ್ಲಿ ಎಎಸ್‌ಎಚ್‌ಪಿಯ ದೊಡ್ಡ ಸಮಾವೇಶ ನಡೆಯುತ್ತದೆ. ಸಾಲು ಸಾಲಾಗಿ ಆಸ್ಪತ್ರೆಗಳು ಮೇಜು ಹಾಕಿ ಕೂತಿರುತ್ತವೆ, ನಾವು ಮೇಜಿನಿಂದ ಮೇಜಿಗೆ ಹೋಗಿ ಮಾತಾಡುತ್ತೇವೆ. ಆಮೇಲೆ ಅರ್ಜಿ, ಸಂದರ್ಶನ. ಕೊನೆಗೆ ನಮಗೆ ಬೇಕಾದ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದು ನಾವೊಂದು ಪಟ್ಟಿ ಕೊಡುತ್ತೇವೆ, ತಮಗೆ ಬೇಕಾದವರನ್ನು ಬರೆದು ಆಸ್ಪತ್ರೆಗಳೂ ಪಟ್ಟಿ ಕೊಡುತ್ತವೆ. ಕಂಪ್ಯೂಟರ್ ಎರಡನ್ನೂ ಹೊಂದಿಸಿ ಮಾರ್ಚ್‌ನಲ್ಲಿ ಫಲಿತಾಂಶ ಹೇಳುತ್ತದೆ. ಬಂದ ಜಾಗಕ್ಕೆ ಹೋಗಲೇಬೇಕು, ಎರಡೂ ಕಡೆಯವರು ಬದ್ಧರು. ಮೊದಲ ಸುತ್ತಿನಲ್ಲಿ ಸಿಗದವರಿಗೆ ಎರಡನೇ ಸುತ್ತು ಇದೆ. 'ಆ ಆಸ್ಪತ್ರೆ ನನ್ನನ್ನು ತೆಗೆದುಕೊಳ್ಳಲಿಕ್ಕಿಲ್ಲ, ಸುಮ್ಮನೆ ಕೆಳಗೆ ಬರೆಯೋಣ' ಎಂದು ಲೆಕ್ಕ ಹಾಕುವವರು ತುಂಬಾ ಜನ. ಅದರಲ್ಲಿ ಅರ್ಥವಿಲ್ಲ. ಆ ಗಣಿತ ಅಭ್ಯರ್ಥಿಯ ಪಟ್ಟಿಯ ಮೇಲಿನಿಂದ ಶುರುವಾಗುತ್ತದೆ, ಮನಸ್ಸಿಗೆ ಬಂದ ಕ್ರಮದಲ್ಲೇ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಜುಲೈ ಹೊತ್ತಿಗೆ ವರ್ಷ ಶುರುವಾಗುತ್ತದೆ. ಮೊದಲ ವಾರಗಳೆಲ್ಲ ಐವಿ ರೂಮಿನಲ್ಲಿ. ರಕ್ತನಾಳಕ್ಕೆ ಹೋಗುವ ಔಷಧಗಳನ್ನು ಬೆರೆಸುವ ಸ್ವಚ್ಛ ಕೋಣೆ ಅದು. ಶೂ ಕವರ್, ಟೋಪಿ, ಮಾಸ್ಕ್, ಮೊಣಕೈವರೆಗೆ ಕೈತೊಳೆತ, ಗೌನ್, ಕೊನೆಗೆ ಗ್ಲೌಸ್. ಗಾಳಿ ಸೋಸಿ ಬರುವ ಹುಡ್‌ನೊಳಗೆ ಅಂಚಿನಿಂದ 6 ಇಂಚು ಒಳಕ್ಕೇ ಕೆಲಸ ಮಾಡಬೇಕು, ಗಾಳಿಗೂ ಸೂಜಿಯ ತುದಿಗೂ ನಡುವೆ ಕೈ ಅಡ್ಡ ಬರಬಾರದು. ಕಲಿತದ್ದು ಸರಿಯಿದೆಯಾ ಎಂದು ಪರೀಕ್ಷಿಸಲು ಔಷಧದ ಬದಲು ಸೂಕ್ಷ್ಮಜೀವಿಗಳು ಬೆಳೆಯುವಂಥ ಪೋಷಕ ದ್ರವವನ್ನು ಕೊಟ್ಟು ಬೆರೆಸಲು ಹೇಳುತ್ತಾರೆ. ಆ ಬಾಟಲಿಗಳನ್ನು 14 ದಿನ ಬೆಚ್ಚಗೆ ಇಟ್ಟು ನೋಡುತ್ತಾರೆ. ಮಬ್ಬಾದರೆ ನಪಾಸು.

ಐವಿ ರೂಮಿನಲ್ಲಿ ನನಗೆ ಹಿಡಿಸಿದ್ದು ಟಿಪಿಎನ್. ಬಾಯಿಂದ ಊಟ ಹೋಗದ ರೋಗಿಗೆ ಸಕ್ಕರೆ, ಪ್ರೋಟೀನು, ಕೊಬ್ಬು, ಲವಣ ಎಲ್ಲವನ್ನೂ ಒಂದು ಚೀಲದಲ್ಲಿ ಬೆರೆಸಿ ರಕ್ತಕ್ಕೆ ಕೊಡುವ ಆಹಾರ ಅದು. ಅದರಲ್ಲಿ ಕ್ಯಾಲ್ಸಿಯಂ ಬೇಕು, ಫಾಸ್ಫೇಟೂ ಬೇಕು, ಆದರೆ ಅವೆರಡೂ ಹೆಚ್ಚಾಗಿ ಸೇರಿದರೆ ಹರಳುಗಟ್ಟುತ್ತವೆ. ಹರಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. 1994ರಲ್ಲಿ ಇದರಿಂದ ಇಬ್ಬರು ಸತ್ತ ಮೇಲೆ ಅಮೆರಿಕದ ಎಫ್‌ಡಿಎ ದೇಶಕ್ಕೆಲ್ಲ ಎಚ್ಚರಿಕೆ ಕಳಿಸಿತು. ಕೊಬ್ಬು ಬೆರೆಸಿದ ಚೀಲ ಹಾಲಿನಷ್ಟು ಬೆಳ್ಳಗಿರುವುದರಿಂದ ಒಳಗೆ ಹರಳಾಗಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಫಾಸ್ಫೇಟನ್ನು ಮೊದಲು ಹಾಕಬೇಕು, ಕ್ಯಾಲ್ಸಿಯಂ ಕೊನೆಯ ಹೊತ್ತಿಗೆ ಹಾಕಬೇಕು, ನಡುವೆ ಚೆನ್ನಾಗಿ ಕಲಕಬೇಕು, ರೋಗಿಗೆ ಹೋಗುವ ನಳಿಕೆಯಲ್ಲಿ ಸೋಸುವ ಫಿಲ್ಟರ್ ಇರಬೇಕು. ಈಗ ಇದನ್ನೆಲ್ಲ ಯಂತ್ರವೇ ಮಾಡುತ್ತದೆ. ಆದರೂ ನನಗೆ ಕಲಿಸಿದ ಪ್ರಿಸೆಪ್ಟರ್, ಅಂದರೆ ಕೂರಿಸಿಕೊಂಡು ಕಲಿಸುವ ಹಿರಿಯ ಫಾರ್ಮಸಿಸ್ಟ್, ಮೊದಲ ವಾರ ಪೂರ್ತಿ ಕೈಯಲ್ಲೇ ಲೆಕ್ಕ ಮಾಡಿಸಿದರು. ಆಗ ಕಿರಿಕಿರಿಯಾಗಿತ್ತು. ಯಂತ್ರ ಕೆಟ್ಟು ನಿಂತ ದಿನ ಅವರು ಹಾಗೆ ಮಾಡಿಸಿದ್ದು ಯಾಕೆಂದು ತಿಳಿಯಿತು.

ಇನ್ನು ಸ್ಟಾಫಿಂಗ್. ರೆಸಿಡೆಂಟ್ ಅಂದರೆ ಬರೀ ಕಲಿಯುವವರಲ್ಲ. ಆಗಾಗ ವಾರಾಂತ್ಯದಲ್ಲಿ ಉಳಿದ ಫಾರ್ಮಸಿಸ್ಟ್‌ಗಳ ಹಾಗೆಯೇ ಪಾಳಿ ಮಾಡಬೇಕು. ನಮ್ಮ ಆಸ್ಪತ್ರೆಯ ಮುಖ್ಯ ಫಾರ್ಮಸಿ ಇದ್ದದ್ದು ಬೇಸ್‌ಮೆಂಟಿನಲ್ಲಿ. ಡಾಕ್ಟರ್ ಬರೆದ ಪ್ರತಿಯೊಂದು ಔಷಧದ ಆರ್ಡರ್ ಅಲ್ಲಿಯ ಪರದೆಗೆ ಬಂದು ಬೀಳುತ್ತದೆ. ತುರ್ತಿನ ಸಂದರ್ಭ ಬಿಟ್ಟರೆ, ಫಾರ್ಮಸಿಸ್ಟ್ ನೋಡಿ ವೆರಿಫೈ ಮಾಡುವವರೆಗೆ ಮೊದಲ ಡೋಸ್ ರೋಗಿಗೆ ಹೋಗುವುದಿಲ್ಲ. ಡೋಸ್ ಸರಿಯೇ, ಅಲರ್ಜಿ ಇದೆಯೇ, ಮೂತ್ರಪಿಂಡ ಹೇಗಿದೆ, ಬೇರೆ ಔಷಧದ ಜೊತೆ ಜಗಳವೇನಾದರೂ ಇದೆಯೇ ಎಂದು ನೋಡಬೇಕು. ನೋಡಿ ಮುಗಿಸುವಷ್ಟರಲ್ಲಿ ಸಾಲಿನಲ್ಲಿ ಇನ್ನಷ್ಟು ಬಂದಿರುತ್ತವೆ. ಕಂಪ್ಯೂಟರ್ ಒಂದೊಂದು ಆರ್ಡರ್‌ಗೂ ಎಚ್ಚರಿಕೆಗಳನ್ನು ಸುರಿಯುತ್ತದೆ. ಹೆಚ್ಚಿನವು ಕೆಲಸಕ್ಕೆ ಬಾರದವು. ಕೆಲಸಕ್ಕೆ ಬರುವುದೊಂದು ಅವುಗಳ ನಡುವೆ ಅದೇ ಬಣ್ಣದಲ್ಲಿ ಕೂತಿರುತ್ತದೆ. ಇದರ ಮಧ್ಯೆ ಫೋನ್. 'ನನ್ನ ರೋಗಿಯ ಔಷಧ ಇನ್ನೂ ಬಂದಿಲ್ಲ' ಎಂದು ನರ್ಸ್. 'ಇದನ್ನು ಆ ನಳಿಕೆಯಲ್ಲೇ ಬಿಡಬಹುದಾ' ಎಂದು ಇನ್ನೊಬ್ಬರು. ಗೋಡೆಯೊಳಗಿನ ಕೊಳವೆಯಲ್ಲಿ ಗಾಳಿಯ ರಭಸಕ್ಕೆ ಔಷಧ ಮೇಲಿನ ವಾರ್ಡಿಗೆ ಹಾರಿಹೋಗುವ ವ್ಯವಸ್ಥೆ ಇದೆ, ಆದರೆ ಕುಲುಕಿದರೆ ನೊರೆ ಬರುವ ಪ್ರೋಟೀನಿನ ಔಷಧಗಳನ್ನು ಅದರಲ್ಲಿ ಕಳಿಸುವ ಹಾಗಿಲ್ಲ, ಯಾರಾದರೂ ಹಿಡಿದುಕೊಂಡು ಹೋಗಬೇಕು.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಕೀಲುವಾತಕ್ಕೆ ವಾರಕ್ಕೊಂದು ಸಲ ಕೊಡುತ್ತಾರೆ. ದಿನಾ ಕೊಟ್ಟರೆ ರಕ್ತಕಣಗಳೇ ಕುಸಿದು ಜೀವ ಹೋಗಬಹುದು. ಮನೆಯ ಔಷಧಗಳ ಪಟ್ಟಿಯನ್ನು ಆಸ್ಪತ್ರೆಯ ಆರ್ಡರ್ ಆಗಿ ಬದಲಿಸುವಾಗ 'ವಾರಕ್ಕೊಮ್ಮೆ' ಎನ್ನುವುದು 'ದಿನಕ್ಕೊಮ್ಮೆ' ಆಗಿಬಿಡುವುದು ಪ್ರಪಂಚದ ಎಲ್ಲ ಆಸ್ಪತ್ರೆಗಳಿಗೂ ಗೊತ್ತಿರುವ ಅಪಾಯ. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಶನಿವಾರ ಸಂಜೆ, ಒಬ್ಬನೇ ರೋಗಿಯ ಹದಿನೈದು ಆರ್ಡರ್‌ಗಳ ನಡುವೆ, ವಿಟಮಿನ್ನಿಗೂ ಮಲಬದ್ಧತೆಯ ಔಷಧಕ್ಕೂ ಮಧ್ಯೆ ಅದು ಬಂದಾಗ ಬೆರಳು ನಿಲ್ಲಬೇಕು. ಹಾಗೆ ಬೆರಳು ನಿಲ್ಲುವ ಅಭ್ಯಾಸ ರೌಂಡ್ಸ್‌ನಲ್ಲಿ ಬರುವಂಥದ್ದಲ್ಲ.

ಆದರೆ ಇಂಥವು ಸುಲಭದವು, ಸರಿ ತಪ್ಪು ಸ್ಪಷ್ಟವಾಗಿರುತ್ತವೆ. ನನ್ನನ್ನು ನಿಜವಾಗಿ ಕಾಡಿದ್ದು ಮಧ್ಯದವು. ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳು ರೋಗಿಯ ಗುರುತು ಸಿಗದ ಹಾಗೆ ಬದಲಿಸಿದವು. 84 ವರ್ಷದ ಅಜ್ಜಿ, ತೂಕ 46 ಕೆಜಿ, ಮೂತ್ರಪಿಂಡ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 0.6. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ನಾವು ಬಳಸುವುದು 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಕೊಟ್ಟ ಸೂತ್ರವನ್ನೇ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸಾದರೆ 0.85ರಿಂದ ಗುಣಿಸಬೇಕು. ಅವರು ಆ ಸೂತ್ರ ಕಟ್ಟಿದ್ದು 249 ಜನರ ಮೇಲೆ, ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ. ಹೆಂಗಸರ 0.85 ಅಂದಾಜಿಗೆ ಸೇರಿಸಿದ್ದು. ಅಜ್ಜಿಯ ಅಂಕಿಗಳನ್ನು ಹಾಕಿದರೆ ಉತ್ತರ, ಅಂದರೆ ಕ್ಲಿಯರೆನ್ಸ್, ನಿಮಿಷಕ್ಕೆ 51 ಮಿಲಿ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಹಾಸಿಗೆ ಹಿಡಿದ ಅಜ್ಜಿಯ ಮೈಯಲ್ಲಿ ಸ್ನಾಯುವೇ ಇಲ್ಲದಿರುವಾಗ 0.6 ಎನ್ನುವುದು ಮೂತ್ರಪಿಂಡದ ಆರೋಗ್ಯವನ್ನು ಹೇಳುತ್ತಿದೆಯೋ ಸ್ನಾಯುವಿನ ಬಡತನವನ್ನೋ? ಅದಕ್ಕೇ ಕೆಲವು ಫಾರ್ಮಸಿಸ್ಟ್‌ಗಳು ಇಂಥ ರೋಗಿಗಳಲ್ಲಿ ಕ್ರಿಯಾಟಿನಿನ್ ಅನ್ನು 1ಕ್ಕೆ ಏರಿಸಿಕೊಂಡು ಲೆಕ್ಕ ಮಾಡುತ್ತಾರೆ. ಆಗ ಉತ್ತರ 30. ಎಷ್ಟೋ ಔಷಧಗಳ ಡೋಸ್ ಬದಲಾಗುವ ಗೆರೆಗಳು 50ರಲ್ಲಿ ಮತ್ತು 30ರಲ್ಲೇ ಇವೆ. ಅಂದರೆ ಅದೇ ಅಜ್ಜಿಗೆ, ಅದೇ ಔಷಧಕ್ಕೆ, ಪಕ್ಕಪಕ್ಕ ಕೂತ ಇಬ್ಬರು ಫಾರ್ಮಸಿಸ್ಟ್‌ಗಳು ಬೇರೆ ಬೇರೆ ಡೋಸ್ ಹೇಳಬಹುದು.

ನಾನು ಮೊದಮೊದಲು ಹೀಗಾದಾಗೆಲ್ಲ ಪ್ರಿಸೆಪ್ಟರ್ ಕಡೆ ತಿರುಗಿ ಯಾವುದು ಸರಿ ಎಂದು ಕೇಳುತ್ತಿದ್ದೆ. ಅವರು ಒಮ್ಮೆಯೂ ನೇರ ಉತ್ತರ ಕೊಡಲಿಲ್ಲ. "ಔಷಧ ಯಾವುದು? ಜಾಸ್ತಿ ಹೋದರೆ ಏನಾಗುತ್ತೆ? ಕಡಿಮೆ ಹೋದರೆ ಏನಾಗುತ್ತೆ? ಅದನ್ನು ಮೊದಲು ಹೇಳು" ಅನ್ನುತ್ತಿದ್ದರು. ರಕ್ತಕ್ಕೆ ಸೋಂಕು ಹರಡಿ ಬಿಪಿ ಬೀಳುತ್ತಿರುವ ಹೊತ್ತಿನಲ್ಲಿ ಆಂಟಿಬಯೋಟಿಕ್ ಆದರೆ ಮೊದಲ ದಿನ ಧಾರಾಳವಾಗಿ ಕೊಡು. ಕಡಿಮೆಯಾದರೆ ರೋಗಿ ಉಳಿಯುವುದೇ ಕಷ್ಟ, ಮೂತ್ರಪಿಂಡದ ಲೆಕ್ಕ ನಾಳೆ ಮತ್ತೆ ನೋಡಬಹುದು. ರಕ್ತ ತೆಳು ಮಾಡುವ ಎನಾಕ್ಸಪರಿನ್ ಆದರೆ ಕಡಿಮೆ ಅಂಕಿಯನ್ನೇ ನಂಬಿ ಹುಷಾರಾಗಿರು. ಈ ವಯಸ್ಸಿನಲ್ಲಿ ಒಳಗೆ ರಕ್ತ ಸುರಿದರೆ ಹಿಂದಕ್ಕೆ ತರುವುದು ಕಷ್ಟ. ಸೂತ್ರ ಎರಡಕ್ಕೂ ಒಂದೇ, ಉತ್ತರ ಬೇರೆ. ಆ ವರ್ಷದಲ್ಲಿ ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನೆನಪಿಸಿಕೊಳ್ಳಲು ನನಗೆ ಆಗುತ್ತಿಲ್ಲ.

ತೀರ್ಮಾನ ಮಾಡಿದ ಮೇಲೆ ಫೋನ್ ಮಾಡಬೇಕು. ಇದೂ ಒಂದು ಕಸುಬೇ. 'ಡಾಕ್ಟರ್, ಎನಾಕ್ಸಪರಿನ್ ಡೋಸ್ ಸ್ವಲ್ಪ ಜಾಸ್ತಿ ಅನ್ನಿಸುತ್ತೆ' ಎಂದರೆ ಆ ಕಡೆಯವರಿಗೆ ಸಿಕ್ಕಿದ್ದು ಒಂದು ತಲೆನೋವು ಮಾತ್ರ. 'ಇವರ ಕ್ಲಿಯರೆನ್ಸ್ 30ರ ಕೆಳಗೆ ಹೋಗುತ್ತಿದೆ, ದಿನಕ್ಕೆರಡು ಬದಲು ಕೆಜಿಗೆ 1 ಮಿಗ್ರಾಂ ದಿನಕ್ಕೊಂದೇ ಸಲ ಕೊಡೋಣ, ನಾನೇ ಆರ್ಡರ್ ಬದಲಿಸಲಾ?' ಎಂದರೆ 'ಸರಿ, ಥ್ಯಾಂಕ್ಸ್' ಎಂದು ಫೋನ್ ಇಡುತ್ತಾರೆ. ತೊಂದರೆ ಏನು, ಯಾಕೆ, ನನ್ನ ಸಲಹೆ ಏನು, ಮುಂದಿನ ಕೆಲಸ ಯಾರದು. ನಾಲ್ಕೂ ಒಂದೇ ಉಸಿರಿನಲ್ಲಿ ಬರಬೇಕು. ಒಪ್ಪದ ಡಾಕ್ಟರುಗಳೂ ಸಿಗುತ್ತಾರೆ. ಅವರ ಬಳಿ ನಮಗೆ ಗೊತ್ತಿಲ್ಲದ ಕಾರಣ ಇರುವುದೂ ಉಂಟು, ಕೇಳಿಸಿಕೊಳ್ಳಬೇಕು. ಕಾರಣವಿಲ್ಲದೆ ಹಟ ಹಿಡಿದರೆ ಅವರ ಮೇಲಿನವರಿಗೆ ಫೋನ್ ಮಾಡಬೇಕು. ಇದನ್ನು ಮಾಡಲು ಹೊರದೇಶದಿಂದ ಬಂದ ನನ್ನಂಥವಳಿಗೆ ಬಹಳ ಕಾಲ ಹಿಡಿಯಿತು. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಬೆಳೆದ ನಾಲಿಗೆ ಸುಲಭಕ್ಕೆ ತಿರುಗುವುದಿಲ್ಲ.

ರೌಂಡ್ಸ್ ಬಗ್ಗೆಯೂ ಹೇಳದಿದ್ದರೆ ಅನ್ಯಾಯ. ಫಾರ್ಮಸಿಸ್ಟ್ ಐಸಿಯು ರೌಂಡ್ಸ್‌ಗೆ ಹೋಗುವುದರಿಂದ ಏನಾದರೂ ಲಾಭವಿದೆಯೇ ಎಂಬುದನ್ನು ಬಾಸ್ಟನ್ನಿನಲ್ಲಿ ಅಳೆದು ನೋಡಿದ್ದಾರೆ. ಲೂಸಿಯನ್ ಲೀಪ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಔಷಧ ಬರೆಯುವಾಗಿನ ತಪ್ಪುಗಳಿಂದ ರೋಗಿಗೆ ಆಗುವ, ತಡೆಯಬಹುದಾದ ಹಾನಿ 66% ಕಡಿಮೆಯಾಗಿತ್ತು. ಫಾರ್ಮಸಿಸ್ಟ್ ಅಲ್ಲೇ ನಿಂತಿದ್ದರೆ ಆರ್ಡರ್ ಬರೆಯುವ ಮೊದಲೇ ಸರಿಯಾಗುತ್ತದೆ, ಬೇಸ್‌ಮೆಂಟಿನಿಂದ ಫೋನ್ ಬರುವವರೆಗೆ ಕಾಯಬೇಕಿಲ್ಲ.

ಅದಕ್ಕೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಒಬ್ಬೊಬ್ಬ ರೋಗಿಯ ಲ್ಯಾಬ್, ಔಷಧ, ರಾತ್ರಿಯ ಟಿಪ್ಪಣಿ ಎಲ್ಲ ಓದಿ ಇಟ್ಟುಕೊಳ್ಳಬೇಕು. ರೌಂಡ್ಸ್‌ನಲ್ಲಿ ನನ್ನ ಸರದಿಗೆ ಸಿಗುವುದು ಅರ್ಧ ನಿಮಿಷ. ವ್ಯಾಂಕೊಮೈಸಿನ್ ವಿಷಯದಲ್ಲಿ ಆ ಅರ್ಧ ನಿಮಿಷ ಸಾಲುತ್ತಲೇ ಇರಲಿಲ್ಲ. ಹಟಮಾರಿ ಸ್ಟೆಫ್ ಬ್ಯಾಕ್ಟೀರಿಯಾಕ್ಕೆ ಕೊಡುವ ಈ ಆಂಟಿಬಯೋಟಿಕ್ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. 2009ರ ಮಾರ್ಗಸೂಚಿ ಗಂಭೀರ ಸೋಂಕಿನಲ್ಲಿ ಮುಂದಿನ ಡೋಸ್‌ಗೆ ಮೊದಲಿನ ರಕ್ತದ ಮಟ್ಟ, ಅಂದರೆ ಟ್ರಫ್, 15ರಿಂದ 20 ಇರಲಿ ಎಂದಿತ್ತು. 2020ರ ಹೊಸ ಮಾರ್ಗಸೂಚಿ ಅದನ್ನು ಬಿಟ್ಟು, ದಿನವಿಡೀ ರಕ್ತದಲ್ಲಿ ಒಟ್ಟು ಎಷ್ಟಿತ್ತು ಎಂಬ ಎಯುಸಿ ಲೆಕ್ಕಕ್ಕೆ ಬಂತು, ಅದು 400ರಿಂದ 600ರ ಒಳಗಿರಬೇಕು. ಟ್ರಫ್ 12 ಬಂದಾಗ ಹಳೆಯ ಅಭ್ಯಾಸದ ಡಾಕ್ಟರ್ ಡೋಸ್ ಏರಿಸು ಎನ್ನುತ್ತಾರೆ. ಎರಡು ಮಟ್ಟ ತೆಗೆದು ಲೆಕ್ಕ ಹಾಕಿದರೆ ಎಯುಸಿ 520 ಇರುತ್ತದೆ. ಏರಿಸಿದರೆ ಸೋಂಕಿಗೆ ಹೆಚ್ಚಿನ ಉಪಯೋಗವಿಲ್ಲ, ಮೂತ್ರಪಿಂಡಕ್ಕೆ ಅಪಾಯ ಮಾತ್ರ. 'ಹೀಗೇ ಬಿಡೋಣ' ಎಂದು ಹೇಳಿ ಸುಮ್ಮನಿರುವುದು ಡೋಸ್ ಬದಲಿಸು ಎನ್ನುವುದಕ್ಕಿಂತ ಕಷ್ಟ. ಏನಾದರೂ ಬದಲಿಸಿದರೆ ಕೆಲಸ ಮಾಡಿದಂತೆ ಕಾಣುತ್ತದಲ್ಲ!

ಕೋಡ್ ಬ್ಲೂ ಅಂದರೆ ಯಾರದೋ ಹೃದಯ ನಿಂತಿದೆ ಎಂದರ್ಥ. ಆಗ ಫಾರ್ಮಸಿಸ್ಟ್ ಜಾಗ ಕ್ರ್ಯಾಶ್ ಕಾರ್ಟ್ ಎಂಬ ತುರ್ತು ಔಷಧಗಳ ಗಾಡಿಯ ಪಕ್ಕ. ಎಪಿನೆಫ್ರಿನ್ 1 ಮಿಗ್ರಾಂ ಪ್ರತಿ 3ರಿಂದ 5 ನಿಮಿಷಕ್ಕೆ, ಶಾಕ್ ಕೊಟ್ಟರೂ ಹೃದಯದ ಲಯ ಸರಿಹೋಗದಿದ್ದರೆ ಅಮಿಯೊಡರಾನ್ 300 ಮಿಗ್ರಾಂ. ಇದೆಲ್ಲ ಬಾಯಿಪಾಠ. ಅಲ್ಲಿ ನಿಂತಾಗ ಬೇಕಾಗುವುದು ಬೇರೆ. ಡಾಕ್ಟರ್ ಎದೆ ಒತ್ತುವವರನ್ನು, ಮಾನಿಟರನ್ನು, ಉಸಿರಿನ ಕೊಳವೆಯನ್ನು ನೋಡುತ್ತಿರುತ್ತಾರೆ. ಹೊತ್ತಿನ ಲೆಕ್ಕ ನಾವು ಹೇಳಬೇಕು. ಡಯಾಲಿಸಿಸ್ ರೋಗಿ ಎಂದು ಗೊತ್ತಾದರೆ ಪೊಟ್ಯಾಷಿಯಂ ಏರಿರಬಹುದೆಂದು ನಾವೇ ಬಾಯಿ ಬಿಟ್ಟು ಕ್ಯಾಲ್ಸಿಯಂ ಕೊಡೋಣವೇ ಎನ್ನಬೇಕು. ಅದರ ಹಿಂದೆಯೇ ಬೈಕಾರ್ಬನೇಟ್ ಕೇಳುತ್ತಾರೆ. ಎರಡೂ ಒಂದೇ ನಳಿಕೆಯಲ್ಲಿ ಸೇರಿದರೆ ಸುಣ್ಣದಂತೆ ಗಟ್ಟಿಯಾಗಿ ದಾರಿಯೇ ಮುಚ್ಚುತ್ತದೆ. ನಡುವೆ ಸಲೈನ್ ಹಾಯಿಸಿ ಎಂದು ಗಟ್ಟಿಯಾಗಿ ಹೇಳಬೇಕು. ಆ ಗದ್ದಲದಲ್ಲಿ ನನ್ನ ದನಿ ಯಾರಿಗಾದರೂ ಕೇಳುತ್ತದೆ ಎಂಬುದೇ ಮೊದಲು ನಂಬಿಕೆಯಾಗಲಿಲ್ಲ. ಕೇಳುತ್ತದೆ. ಎಲ್ಲರೂ ಅಂಥದ್ದೊಂದು ದನಿಗೇ ಕಾಯುತ್ತಿರುತ್ತಾರೆ.

ಪಾರ್ಶ್ವವಾಯುವಿನ ಕರೆ ಇನ್ನೊಂದು ಬಗೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಕೊಡುತ್ತಾರೆ. ಕೆಜಿಗೆ 0.9 ಮಿಗ್ರಾಂ, ಎಷ್ಟೇ ತೂಕವಿದ್ದರೂ 90 ದಾಟಬಾರದು. ಅದರ 10% ಒಂದು ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆಯಲ್ಲಿ. 62 ಕೆಜಿಗೆ 55.8. ಬಾಟಲಿಯಲ್ಲಿರುವುದು 100. ಹೆಚ್ಚಿನದನ್ನು ಮೊದಲೇ ಹೊರತೆಗೆದು ಚೆಲ್ಲಬೇಕು, ಇಲ್ಲದಿದ್ದರೆ ಪಂಪ್ ಅದನ್ನೂ ರೋಗಿಗೆ ಹಾಯಿಸಿಬಿಡಬಹುದು. ತೂಕವನ್ನು ಕಣ್ಣಳತೆಯಲ್ಲಿ ಹೇಳುವವರನ್ನು ನಂಬದೆ ಹಾಸಿಗೆಯ ತಕ್ಕಡಿಯಲ್ಲೇ ನೋಡಬೇಕು. ಬಿಪಿ 185/110ರ ಕೆಳಗೆ ಬಂದಿರಬೇಕು. ಇವಕ್ಕಿಂತ ಮುಖ್ಯವಾಗಿ, ರೋಗಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ, ಕೊನೆಯ ಮಾತ್ರೆ ನುಂಗಿದ್ದು ಯಾವಾಗ? ರೋಗಿಗೆ ಮಾತು ಬರುತ್ತಿರುವುದಿಲ್ಲ. ಮನೆಯವರು ಬಾಗಿಲಲ್ಲಿ ನಡುಗುತ್ತ ನಿಂತಿರುತ್ತಾರೆ. 'ಬಿಪಿ ಮಾತ್ರೆ ಇದೆ, ಹಾರ್ಟಿಗೆ ಏನೋ ಒಂದು ಇದೆ' ಅನ್ನುತ್ತಾರೆ. ಆ 'ಏನೋ ಒಂದು' ಆಸ್ಪಿರಿನ್ ಆಗಿದ್ದರೆ ಮುಂದುವರಿಯಬಹುದು, ಎಪಿಕ್ಸಬಾನ್ ಆಗಿದ್ದು ಬೆಳಿಗ್ಗೆಯಷ್ಟೇ ನುಂಗಿದ್ದರೆ ಔಷಧ ಕೊಡುವ ಹಾಗೇ ಇಲ್ಲ. ಒಂದು ಕೈಯಲ್ಲಿ ಅವರ ಮೆಡಿಕಲ್ ಶಾಪಿಗೆ ಫೋನ್ ಹಚ್ಚಿ, ಇನ್ನೊಂದು ಕೈಯಲ್ಲಿ ಲೆಕ್ಕ ಬರೆಯುತ್ತ ನಿಂತದ್ದಿದೆ. ಈಗ ಎಷ್ಟೋ ಆಸ್ಪತ್ರೆಗಳು ಒಂದೇ ಸಲಕ್ಕೆ ಚುಚ್ಚಿ ಮುಗಿಸುವ ಟೆನೆಕ್ಟಿಪ್ಲೇಸ್‌ಗೆ ಬದಲಾಗಿವೆ, ಪಂಪಿನ ಗೋಜು ಅದಕ್ಕಿಲ್ಲ. ಮಾತ್ರೆಯ ಪ್ರಶ್ನೆ ಮಾತ್ರ ಹಾಗೇ ಇದೆ.

ಮೌಲ್ಯಮಾಪನ ಒಂದು ದೊಡ್ಡ ಜಾತ್ರೆ. ಪ್ರತಿ ವಿಭಾಗದ ಕೊನೆಗೆ ಒಂದೊಂದು ಗುರಿಗೂ ದರ್ಜೆ ಹಾಕುತ್ತಾರೆ: ಸುಧಾರಿಸಬೇಕು, ಪರವಾಗಿಲ್ಲ ಮುಂದುವರಿಯುತ್ತಿದ್ದಾಳೆ, ಸಾಧಿಸಿದಳು, ಇಡೀ ರೆಸಿಡೆನ್ಸಿಗೆ ಸಾಧಿಸಿದಳು. ಕಲಿಸುವವರಿಗೂ ನಾಲ್ಕು ಮೆಟ್ಟಿಲು ಗೊತ್ತುಮಾಡಿದ್ದಾರೆ: ಮೊದಲು ಪಾಠ ಹೇಳಬೇಕು, ಆಮೇಲೆ ಮಾಡಿ ತೋರಿಸಬೇಕು, ಆಮೇಲೆ ಪಕ್ಕದಲ್ಲಿ ನಿಂತು ಮಾಡಿಸಬೇಕು, ಕೊನೆಗೆ ದೂರ ಸರಿಯಬೇಕು. ಕಾಗದದ ಮೇಲೆ ಚೆನ್ನಾಗಿದೆ. ನಿಜದಲ್ಲಿ ಕೆಲವರು ಮೊದಲ ದಿನವೇ ದೂರ ಸರಿದಿರುತ್ತಾರೆ, ಇನ್ನು ಕೆಲವರು ಕೊನೆಯವರೆಗೂ ಪಕ್ಕ ಬಿಡುವುದಿಲ್ಲ. ನಮ್ಮ ಬೇಸ್‌ಮೆಂಟಿನ ಪ್ರಿಸೆಪ್ಟರ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿಯೇ ಸರಿದರು. ಮೊದಲು ನನ್ನ ಪಕ್ಕದ ಕುರ್ಚಿ, ಆಮೇಲೆ ಎದುರಿನ ಮೇಜು, ಆಮೇಲೆ ಫೋನಿನ ಆ ತುದಿ.

ವರ್ಷಕ್ಕೊಂದು ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು. ನೈತಿಕ ಸಮಿತಿಯ ಒಪ್ಪಿಗೆಗೆ ಕಾದು, ಹಳೆಯ ಕೇಸ್‌ಗಳ ದಾಖಲೆ ಕೆದಕಿ, ವಸಂತದಲ್ಲಿ ಪ್ರಾದೇಶಿಕ ಸಮಾವೇಶದಲ್ಲಿ ಸ್ಲೈಡ್ ತೋರಿಸಿ ಬಂದೆ. ಅದರ ಬಗ್ಗೆ ಇಷ್ಟು ಸಾಕು. ನನ್ನ ಅಭಿಪ್ರಾಯ ಕೇಳಿದರೆ, ಒಂದು ವರ್ಷದಲ್ಲಿ ಒಬ್ಬರು ಮಾಡುವ ಇಂಥ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಸಮಾವೇಶದ ಕೋಣೆಯಾಚೆ ಹೋಗುವುದಿಲ್ಲ, ಆ ಹೊತ್ತನ್ನು ಬೇರೆಡೆಗೆ ಕೊಡಬಹುದಿತ್ತು.

ದುಡ್ಡಿನ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೆಸಿಡೆಂಟ್ ಸಂಬಳ ಅದೇ ಆಸ್ಪತ್ರೆಯ ಫಾರ್ಮಸಿಸ್ಟ್ ಸಂಬಳದ ಸುಮಾರು ಅರ್ಧ, ಎಷ್ಟೋ ಕಡೆ ಅದಕ್ಕೂ ಕಡಿಮೆ. ಕೆಲಸದ ಗಂಟೆಗಳಿಗೆ ಮಿತಿ ಇದೆ: ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ದಾಟಬಾರದು, ಏಳು ದಿನಕ್ಕೊಂದು ರಜೆ ಸಿಗಬೇಕು. 80 ಎನ್ನುವುದೇ ಮಿತಿಯಾದರೆ ದಣಿವು ಎಷ್ಟಿರಬಹುದೆಂದು ನೀವೇ ಊಹಿಸಿಕೊಳ್ಳಿ. ಮನೆಗೆ ತೆಗೆದುಕೊಂಡು ಹೋಗುವ ಓದು, ಸ್ಲೈಡುಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ, ಪಿಜಿವೈ-2 ಯಾವುದರಲ್ಲಿ ಎಂದು. ಐಸಿಯು ನನಗೂ ಇಷ್ಟವೇ. ಆದರೂ ಅರ್ಜಿ ಹಾಕಲಿಲ್ಲ. ಸಂಜೆ ಪಾಳಿಯ ಹುದ್ದೆಯೊಂದು ಸಿಕ್ಕಿತು: ಮುಖ್ಯ ಫಾರ್ಮಸಿಯ ಆರ್ಡರ್‌ಗಳು, ಕೋಡ್ ಬ್ಲೂ, ಪಾರ್ಶ್ವವಾಯು, ಎಲ್ಲವೂ ಅದರಲ್ಲಿದ್ದವು. ಹಗಲಲ್ಲಿ ವಿಭಾಗಕ್ಕೊಬ್ಬ ತಜ್ಞ ಫಾರ್ಮಸಿಸ್ಟ್ ಇರುತ್ತಾರೆ. ಸಂಜೆ ಐದರ ಮೇಲೆ ಇಡೀ ಆಸ್ಪತ್ರೆಗೆ ಇರುವುದು ಬೆರಳೆಣಿಕೆಯ ಜನ, ಹಸುಗೂಸಿನ ಜೆಂಟಾಮೈಸಿನ್ನೂ ಅಜ್ಜಿಯ ಎನಾಕ್ಸಪರಿನ್ನೂ ಒಂದೇ ಪರದೆಗೆ ಬರುತ್ತವೆ. ಬಿಸಿಪಿಎಸ್ ಎಂಬ ತಜ್ಞ ಪರೀಕ್ಷೆಗೆ ಕೂರಲು ಪಿಜಿವೈ-1 ಮುಗಿಸಿದ್ದೇ ಅರ್ಹತೆಯಾಗುತ್ತದೆ, ಅದಕ್ಕೆ ಓದುತ್ತಿದ್ದೇನೆ.

ಅರ್ಜಿ ಹಾಕಲು ಹೊರಟವರು ಸಂದರ್ಶನದ ಕೊನೆಗೆ 'ನಿಮ್ಮ ಪ್ರಶ್ನೆ ಏನಾದರೂ ಇದೆಯಾ' ಎಂದು ಕೇಳಿದಾಗ ಸಂಶೋಧನೆಯ ಬಗ್ಗೆ, ವಿಭಾಗಗಳ ಬಗ್ಗೆ ಕೇಳುತ್ತಾರೆ. ಅವು ಕರಪತ್ರದಲ್ಲೇ ಇರುತ್ತವೆ. ಸ್ಟಾಫಿಂಗ್ ಎಷ್ಟು ವಾರಾಂತ್ಯಕ್ಕೊಮ್ಮೆ, ಮೊದಲ ತಿಂಗಳುಗಳಲ್ಲಿ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ, ಲೈಸೆನ್ಸ್ ಬಂದ ಮರುದಿನವೇ ಒಬ್ಬರನ್ನೇ ಬಿಡುತ್ತಾರಾ, ರಾತ್ರಿ ಅನುಮಾನ ಬಂದರೆ ಫೋನ್ ಎತ್ತುವವರು ಯಾರು, ಇವನ್ನು ಕೇಳಿ. ಅದಕ್ಕೆ ಉತ್ತರಿಸುವಾಗ ಈಗಿನ ರೆಸಿಡೆಂಟ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಆಸ್ಪತ್ರೆಯನ್ನು ಪಟ್ಟಿಯಲ್ಲಿ ಕೆಳಗೆ ಬರೆಯಿರಿ.